ನಿರ್ಮಲಾ ಹೇಳದ ಹೆಸರು

ನನ್ನ ತಂಗಿ ನಿರ್ಮಲಾ ಬ್ಯಾಡಗಿಯ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಹತ್ತನೇ ಕ್ಲಾಸ್ ಪಾಸಾದವರನ್ನು ಮಾತ್ರ ಇನ್ನು ಮುಂದೆ ಇಟ್ಟುಕೊಳ್ಳುತ್ತೇವೆ ಎಂದು ಹೋದ ವರ್ಷ ಮೇಲಿನವರು ಹೇಳಿದರು. ಮೂವತ್ತೆಂಟರ ಹೆಂಗಸು ಮತ್ತೆ ಪುಸ್ತಕ ಹಿಡಿದಳು. ಕನ್ನಡ ಪಾಸು, ಲೆಕ್ಕ ಪಾಸು, ಉಳಿದದ್ದೂ ಪಾಸು. ಇಂಗ್ಲಿಷ್ ಒಂದು ಬಿತ್ತು. ಈ ಸಲವೂ ಬಿದ್ದರೆ ಕೆಲಸ ಹೋಯಿತು. ರೊಟ್ಟಿ ಬಡಿಯುವುದಕ್ಕೂ ಇಂಗ್ಲಿಷಿಗೂ ಏನು ಸಂಬಂಧ? ನೆನೆದರೆ ಈಗಲೂ ನನ್ನ ತಲೆ ಕಾಯುತ್ತದೆ.

ಸ್ಟೇಷನ್ ಹತ್ತಿರ ಪ್ರೇಮಕುಮಾರ ಎಂಬ ಹುಡುಗ ಹೆಂಗಸರಿಗೆ ಟ್ಯೂಷನ್ ಹೇಳುತ್ತಿದ್ದ. ಮಧ್ಯಾಹ್ನದ ಊಟ ನೀಡಿ, ರಾತ್ರಿಯ ಅಡುಗೆಗೆ ಒಲೆ ಹಚ್ಚುವ ಮೊದಲು ನಿರ್ಮಲಾ ಅಲ್ಲಿಗೆ ಹೋಗುತ್ತಿದ್ದಳು. ಕರೆದೊಯ್ಯುವುದು ಬಿಡುವುದು ನನ್ನ ಟಂಟಂ ಆಟೋದಲ್ಲಿ. ನಾನು ಕದರಮಂಡಲಗಿಯಿಂದ ಬ್ಯಾಡಗಿಗೆ ಮಂದಿ ಸಾಗಿಸುವವನು, ಶಾಲೆಯ ಮುಖ ಸರಿಯಾಗಿ ಕಂಡವನಲ್ಲ. ಆದರೂ ಕಿಟಕಿಯ ಹೊರಗೆ ಕಾಯುತ್ತ ಕೂತು ನನಗೂ ಒಂದಿಷ್ಟು ತಿಳಿಯಿತು. ಮಾಡಿದವನು ಸಬ್ಜೆಕ್ಟ್, ಮಾಡಿದ್ದು ವರ್ಬ್, ಯಾವುದಕ್ಕೆ ಮಾಡಿದನೋ ಅದು ಆಬ್ಜೆಕ್ಟ್.

ಅದು ನಿರ್ಮಲಾಳ ತಲೆಗೆ ಚೆನ್ನಾಗಿ ಹೊಕ್ಕಿತ್ತು. ದಾರಿಯಲ್ಲಿ ಕಂಡದ್ದಕ್ಕೆಲ್ಲ ಹಚ್ಚಿ ನೋಡುವಳು.

“ಅಣ್ಣಾ, ನೀ ಹಾರ್ನ್ ಹೊಡದಿ. ನೀ ಸಬ್ಜೆಕ್ಟು, ಹಾರ್ನು ಆಬ್ಜೆಕ್ಟು.”

“ಹೊಡದ್ರೂ ಎಮ್ಮಿ ಸರಿಯವಲ್ದು. ಅದು ಯಾವ ಜೆಕ್ಟು?”

ಎಷ್ಟೋ ವರ್ಷದ ಮೇಲೆ ಆಕೆ ಹಾಗೆ ನಕ್ಕದ್ದನ್ನು ಕಂಡೆ.

ಹೀಗಿರುವಾಗ ಒಂದು ದಿನ ಪ್ರೇಮಕುಮಾರ ಹೊರಗೆ ಬಂದು ನನ್ನನ್ನು ಕರೆದ. ಪರೀಕ್ಷೆಗೆ ಕಳಿಸುವ ಮೊದಲು ಆತ ಎಲ್ಲರನ್ನೂ ಬಾಯಿಂದಲೇ ಪ್ರಶ್ನೆ ಕೇಳುತ್ತಿದ್ದ. ಬರೆಯಲು ಕೊಟ್ಟರೆ ಒಬ್ಬರದನ್ನೊಬ್ಬರು ನೋಡಿ ಬರೆಯುತ್ತಾರೆಂಬ ಅನುಮಾನ. ಉತ್ತರ ಹೇಳದವರ ಅರ್ಜಿ ಕಳಿಸುತ್ತಿರಲಿಲ್ಲ.

“ಅಣ್ಣಾರ, ನಿಮ್ಮ ತಂಗಿಯವ್ರಿಗೆ ಈ ಸಲ ಬ್ಯಾಡ್ರಿ. ಸಬ್ಜೆಕ್ಟ್ ಯಾವುದು ಅಂದ್ರ ನೆಲಾ ನೋಡ್ಕೋತ ನಿಲ್ತಾರ.”

ನನಗೆ ರಕ್ತ ನೆತ್ತಿಗೇರಿತು. “ಎಮ್ಮಿಗೂ ಸಬ್ಜೆಕ್ಟು ಹುಡುಕ್ತಾಳ ಆಕಿ! ನಿನಗ ಕಲಸಾಕ ಬರಂಗಿಲ್ಲ ಅನ್ನು!”

ಬಾಗಿಲಲ್ಲಿ ನಿಂತಿದ್ದ ಮರಿಯವ್ವ, ಆಕೆಯೂ ಹಾಸ್ಟೆಲಿನ ಅಡುಗೆಯವಳೇ, ಸೆರಗು ಬಾಯಿಗೆ ಹಿಡಿದು ನಕ್ಕಳು. “ಕಲ್ಲಣ್ಣಾ, ಸುಮ್ಮನ ಒದರಬ್ಯಾಡ. ಬೋರ್ಡ್ ಮ್ಯಾಲ ಬರದದ್ದು ಯಾರ ಹೆಸರು? ಆಕಿ ಗಂಡಂದು! ಹೆಂಗ ಅಂದಾಳು? ಒಡಪು ಹಾಕಿಯರ ಹೇಳಬೇ ಅಂದ್ವಿ, ಒಲ್ಲೆ ಅಂದ್ಳು.”

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆ, ಸೀಮಂತದಲ್ಲಿ ಒಂದು ಪದ್ಯ ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳುತ್ತಾರೆ. ಅದು ಒಡಪು. ಪ್ರೇಮಕುಮಾರನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪುಸ್ತಕದ ಜಾನ್, ಮೇರಿ ಹೆಂಗಸರ ನಾಲಿಗೆಗೆ ಹೊರಳುವುದಿಲ್ಲವೆಂದು ಊರ ಹೆಸರು ಹಾಕಿದ್ದ. ಮಾಲತೇಶ್ ಈಟ್ಸ್ ಎ ಮ್ಯಾಂಗೋ. ನಮ್ಮ ಸೀಮೆಯಲ್ಲಿ ಓಣಿಗೊಬ್ಬ ಮಾಲತೇಶ ಇರುತ್ತಾನೆ. ನಿರ್ಮಲಾಳ ಕೊರಳಿಗೆ ತಾಳಿ ಕಟ್ಟಿದವನೂ ಒಬ್ಬ ಮಾಲತೇಶ.

“ಅಯ್ಯ, ಅಷ್ಟ ಅಲ್ರಿ? ಬದಲಿ ಮಾಡ್ತೀನಿ ಬಿಡ್ರಿ,” ಎಂದು ಹುಡುಗ ಒಳಗೆ ಹೋಗಿ ಬೋರ್ಡು ಒರೆಸಿ ಹೊಳಿಯಪ್ಪ ಎಂದು ಬರೆದ.

“ನಮ್ಮ ಮಾವನ ಹೆಸರ್ರೀ!” ಎಂದಳು ಮರಿಯವ್ವ.

ಅದನ್ನು ಅಳಿಸಿ ಫಿರೋಜ್ ಎಂದು ಬರೆದ. ಹಿಂದಿನ ಸಾಲಿನಿಂದ ಕುಲ್ಸುಮಬಿ ಕಿರುಚಿದಳು, “ಸರ, ನಮ್ಮನಿಯವ್ರದು!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿರ್ಮಲಾ ಮಾತ್ರ ನಗಲಿಲ್ಲ. ಹುಡುಗನ ಮುಖ ಕೆಂಪಾಯಿತು. “ಹಂಗಾದ್ರ ಊರಾಗ ಯಾರನ್ನ ಇಡ್ಲಿ ನಾನು? ಸಾಕು. ಮೊದಲ ಏನಿತ್ತೋ ಅದ ಇರ್ಲಿ. ನಾಳೆ ಹೇಳಿದವ್ರು ಪರೀಕ್ಷೆಗೆ, ಇಲ್ದವ್ರು ಮನಿಗೆ.”

ಹಾಸ್ಟೆಲಿಗೆ ಬಿಡಲು ಹೊರಟಾಗ ನನ್ನ ಸಿಟ್ಟೆಲ್ಲ ತಂಗಿಯ ಕಡೆ ತಿರುಗಿತು. ಆ ಮಾಲತೇಶ ಈಕೆಯನ್ನು ಬಿಟ್ಟು, ಈಕೆಯ ಬಂಗಾರವನ್ನೂ ಒಯ್ದು, ರಾಣೆಬೆನ್ನೂರಿನಲ್ಲಿ ಇನ್ನೊಬ್ಬಳೊಂದಿಗೆ ಸಂಸಾರ ಹೂಡಿದ್ದಾನೆ. ಟೈರಿನ ಅಂಗಡಿಯ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತವನನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

“ನಾಚಿಕಿ ಬರಂಗಿಲ್ಲೇನು ನಿನಗ? ಅಂಥಾ ಹಲ್ಕಟ್‌ಗ ಇನ್ನೂ ಮರ್ಯಾದಿ ಕೊಡ್ತಿ? ನಿನ್ನ ಅನ್ನಕ್ಕ ನೀನ ಮಣ್ಣು ಹಾಕ್ಕೋತಿ?”

“ಮರ್ಯಾದಿ ಅಂತ ಯಾರ ಅಂದ್ರು?”

“ಮತ್ತ ಏನದು?”

“ಗಾಡಿ ನಿಂದ್ರಸು.”

ಕೋಲ್ಡ್ ಸ್ಟೋರೇಜಿನ ಗೋಡೆಯ ಪಕ್ಕಕ್ಕೆ ಹಾಕಿದೆ. ಗಾಳಿಯಲ್ಲಿ ಮೆಣಸಿನಕಾಯಿ ಘಾಟು. ಆಕೆ ಸೀನಿದಳು, ಮೂಗು ಒರೆಸಿಕೊಂಡಳು, ಆಮೇಲೆ ಹೇಳಿದಳು.

“ಮೊದಲ ಮರ್ಯಾದಿಗೆ ಹೆಸರು ಅಂತಿರಲಿಲ್ಲ. ಈಗ ಹೇಸಿಗಿಗೆ ಅನ್ನಂಗಿಲ್ಲ. ಅವ ಎಲ್ಲಾ ಒಯ್ದ ಅಣ್ಣಾ. ಆ ಹೆಸರು ನನ್ನ ಬಾಯಾಗ ಬರಂಗಿಲ್ಲ ಅನ್ನೋದೊಂದು ನನ್ನ ಕೈಯಾಗ ಉಳದಿತ್ತು. ಊರ ಮಂದಿ, ನೋಡ್ರಿ ಎಂಥಾ ಗರತಿ ಅಂತಾರ. ಅನ್ನಲಿ. ನನಗ ಗೊತ್ತೈತಿ ಯಾಕ ಅಂತ.”

ಕಿಕ್ಕರ್ ಎಳೆದು ಗಾಡಿ ಬಿಟ್ಟೆ.

ಮರುದಿನ ಕಿಟಕಿಯ ಸರಳು ಹಿಡಿದು ನಿಂತೆ. ಮರಿಯವ್ವ ಹೇಳಿದಳು, ಕುಲ್ಸುಮಬಿ ಹೇಳಿದಳು. ನಿರ್ಮಲಾಳ ಸರದಿ ಬಂತು. ಹುಡುಗ ಇವತ್ತು ಮೆತ್ತಗಾಗಿದ್ದ, ಆದರೆ ಬೋರ್ಡಿನ ಮೇಲೆ ಹೆಸರು ಬದಲಾಗಿರಲಿಲ್ಲ.

“ಅಕ್ಕಾರ, ವರ್ಬ್ ಯಾವುದ್ರಿ?”

“ಈಟ್ಸ್.”

“ಆಬ್ಜೆಕ್ಟ್?”

“ಮ್ಯಾಂಗೋ.”

“ಸಬ್ಜೆಕ್ಟ್?”

ನಾನೇ ಕೂಗಿ ಹೇಳಿಬಿಡಲೇ ಎನ್ನಿಸಿತು. ತುಟಿ ಕಚ್ಚಿಕೊಂಡೆ. ನಿರ್ಮಲಾ ಬೋರ್ಡು ನೋಡಲಿಲ್ಲ, ಹುಡುಗನನ್ನೂ ನೋಡಲಿಲ್ಲ.

“ಮಾಲತೇಶ್.”

ಪದ್ಯವಿಲ್ಲ, ರಾಗವಿಲ್ಲ. ಬೇಳೆಯೊಳಗಿನ ಹರಳು ಆರಿಸಿ ಒಗೆದ ಹಾಗೆ.

“ವೆರಿ ಗುಡ್ ಅಕ್ಕಾರ!” ಎಂದು ಹುಡುಗ ಖುಷಿಯಿಂದ ಕೈ ತಟ್ಟಿದ. ಬೇರೆ ಯಾರೂ ತಟ್ಟಲಿಲ್ಲ.

ಆಕೆ ಸೀದಾ ಹೊರಗೆ ಬಂದಳು. ನಳದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬಾಯಿ ಮುಕ್ಕಳಿಸಿದಳು. ಉಗುಳಿದಳು, ಮತ್ತೆ ಬೊಗಸೆ ಹಿಡಿದಳು. ಬೆರಳು ಹಾಕಿ ನಾಲಿಗೆ ತಿಕ್ಕಿದಳು. ಸೀರೆಯ ಎದೆಯೆಲ್ಲ ನೀರಾಯಿತು.

“ಸಾಕು ಬಿಡಬೇ. ಅರ್ಜಿ ಕಳಸ್ತಾನ ಈಗ,” ಎಂದೆ.

“ಇನ್ನೂ ಮುಗದಿಲ್ಲ,” ಎಂದು ನಳ ಬಂದ್ ಮಾಡಿ ಒಳಗೆ ಹೋದಳು.

ಕಿಟಕಿಯಿಂದ ನೋಡಿದೆ. ಬೋರ್ಡಿನ ಮೇಲೆ ಆ ಮ್ಯಾಂಗೋ ವಾಕ್ಯದ ಕೆಳಗೆ ಇನ್ನೂ ವಾಕ್ಯಗಳಿದ್ದವು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಎಲ್ಲದರ ಮೊದಲಿಗೂ ಅವನ ಹೆಸರಿನ ಆಕಾರದವೇ ಅಕ್ಷರಗಳು. ನಿರ್ಮಲಾ ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು.

“ಮುಂದಿಂದು ಕೇಳ್ರಿ ಸರ.”