ಹಲಗಿ ಬಿಟ್ಟ ಮನೆಯ ಗಿಟಾರು

ಅಂಕಲಿಯ ಮದುವೆ ಮನೆಯೊಂದರ ಹಂದರದಡಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮದುಮಗನನ್ನು ಮಣೆಯ ಮೇಲೆ ಕೂರಿಸಿ ಹೆಂಗಸರು ಅರಿಷಿಣ ಹಚ್ಚುತ್ತಿದ್ದಾರೆ. ನೀರೊಲೆಯ ಹೊಗೆ ಹಂದರದೊಳಕ್ಕೇ ನುಗ್ಗುತ್ತಿದೆ. ಮನೆಯ ಹಿರಿಯಳು ಕಾಳವ್ವ ಯಾರ ಸನ್ನೆಗೂ ಕಾಯದೆ, ತನಗೆ ತೋಚಿದ ಶ್ರುತಿಯಲ್ಲಿ ಸೋಬಾನ ಪದ ಎತ್ತಿಕೊಳ್ಳುತ್ತಾಳೆ. ಕಂಬಕ್ಕೊರಗಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತ ಗಿಟಾರಿನವರು ಕಣ್ಣು ಮುಚ್ಚಿ ಒಂದು ಸಾಲು ಕೇಳುತ್ತಾರೆ. ಎಡಗೈ ಗಿಟಾರಿನ ಕುತ್ತಿಗೆಯ ಮೇಲೆ ತುಸು ಜಾರುತ್ತದೆ. ಎರಡನೆಯ ಸಾಲಿಗೆ, ಮುದುಕಿಯ ದನಿಯ ಕೆಳಗೆ ಯಾರೋ ಕೌದಿ ಹಾಸಿದಂತೆ ಸ್ವರಗಳು ಮೆತ್ತಗೆ ಬಂದು ಕೂರುತ್ತವೆ. ಮೂರನೆಯ ನುಡಿಗೆ ಕಾಳವ್ವನ ದನಿ ಇನ್ನೆಲ್ಲಿಗೋ ಜಾರುತ್ತದೆ. ಗಿಟಾರೂ ಅವಳ ಹಿಂದೆಯೇ ಹೋಗುತ್ತದೆ.

ಪದ ಮುಗಿದಾಗ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಗುತ್ತಾಳೆ. "ನಾ ಎಲ್ಲಿ ಹೋದ್ರೂ ಬೆನ್ನ ಹತ್ತಿ ಬರ್ತಿಯಲ್ಲೋ ಸಂಗ್ರಾಮಾ. ಹಾರ್ಮೋನಿಯಂ ಬಾರ್ಸಾವ ಆಗಿದ್ರ ನಡುವ ನಿಂದರಸಿ ನನ್ನ ಮಾರಿ ನೋಡತಿದ್ದ."

"ದಾರಿ ನಿಂದ ಐತಿ ಆಯಿ," ಎನ್ನುತ್ತಾರೆ ಸಂಗ್ರಾಮ. "ನಂದೇನ, ಹಿಂದ ಬರೂದಷ್ಟ."

ಸಂಗ್ರಾಮ ಕಾಂಬಳೆಯವರಿಗೆ ಈಗ ಐವತ್ತಾರು. ಊರು ಚಿಂಚಲಿಯ ಹತ್ತಿರದ ಹಳ್ಳಿ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಅವರ ಗಿಟಾರು ಕೇಳದವರು ಕಡಿಮೆ, ಅವರ ಹೆಸರು ಬಲ್ಲವರು ಇನ್ನೂ ಕಡಿಮೆ. ಅಥಣಿಯಲ್ಲಿ ನಾಟಕದ ಮೇಳಕ್ಕೆ ಕೂರುತ್ತಾರೆ, ನಿಪ್ಪಾಣಿಯ ಆರ್ಕೆಸ್ಟ್ರಾದಲ್ಲಿ ಮರಾಠಿ ಲಾವಣಿಗೆ ನುಡಿಸುತ್ತಾರೆ, ರಾಯಬಾಗದಲ್ಲಿ ಭಜನೆಗೆ ಹೋಗುತ್ತಾರೆ. ಏಪ್ರಿಲ್ ತಿಂಗಳು ಪೂರ್ತಿ ಭೀಮ ಜಯಂತಿಯ ಭೀಮಗೀತೆಗಳಿಗೆ ಮೀಸಲು. ಭಿತ್ತಿಪತ್ರಗಳಲ್ಲಿ ಗಾಯಕರ ಫೋಟೋ ಇರುತ್ತದೆ, ಇವರು ಕೆಳಗಿನ 'ಮತ್ತು ಸಂಗಡಿಗರು' ಎಂಬುದರಲ್ಲಿ ಇರುತ್ತಾರೆ. ಆದರೆ ಯಾವ ಮೇಳದಲ್ಲಿ ಕೂತರೂ ಇವರು ಒಳಗೊಳಗೇ ನುಡಿಸುವುದು ಪುಣೆಯ ಹೋಟೆಲುಗಳಲ್ಲಿ ಹನ್ನೆರಡು ವರ್ಷ ನುಡಿಸಿದ ಜಾಝ್ ಮತ್ತು ಫಂಕ್. ಕಿವಿ ಇದ್ದವರಿಗೆ ಅದು ಗೊತ್ತಾಗುತ್ತದೆ.

ಹಾಗೆಂದರೇನು ಎಂದು ಕೇಳಿದರೆ ವಿವರಣೆ ಸಲೀಸಾಗಿ ಬರುತ್ತದೆ. "ಜಾಝ್ ಅಂದ್ರ, ಊರ ದಾರಿ ಹಿಡದ ಹೊಂಟಾಂವ ನಡುವ ಯಾರದೋ ಹೊಲದಾಗ ಇಳದ, ಬದುವಿನ ಮ್ಯಾಲ ಅಡ್ಡಾಡಿ, ಮತ್ತ ಅದ ದಾರಿಗಿ ಬಂದ ಕೂಡೂದ್ರಿ. ಫಂಕ್ ಹಂಗಲ್ಲ. ಅದರಾಗ ಬಲಗೈ ಒಟ್ಟ ನಿಂದರಾಂಗಿಲ್ಲ. ಎಡಗೈ ಹೂಂ ಅಂದಾಗ ದನಿ ಬರತೈತಿ, ಒಲ್ಲೆ ಅಂದಾಗ ಬರೇ ಏಟು ಕೇಳಸ್ತೈತಿ."

ಗಿಟಾರು ಕೈಗೆ ಬಂದದ್ದು ಮೀರಜಿನಲ್ಲಿ. ಹದಿನೆಂಟರ ಹುಡುಗ ಚಿಂಚಲಿಯಲ್ಲಿ ರೈಲು ಹತ್ತಿ, ತಂಬೂರಿ ಮಾಡುವ ಅಂಗಡಿಯೊಂದಕ್ಕೆ ಕುಂಬಳದ ಬುರುಡೆ ಉಜ್ಜುವ ಕೆಲಸಕ್ಕೆ ಹೋಗುತ್ತಿದ್ದ. ಅಲ್ಲಿಗೆ ಒಂದು ಹಳೆಯ ಗಿಟಾರು ರಿಪೇರಿಗೆ ಬಂತು. ಅದರ ಒಡೆಯರು ರೈಲ್ವೆಯಿಂದ ನಿವೃತ್ತರಾದ ಗೋವಾದವರು. ಎಲ್ಲರೂ ಅವರನ್ನು ಅಂಕಲ್ ಎನ್ನುತ್ತಿದ್ದರು. ಅಂಗಡಿಯ ಮೂಲೆಯಲ್ಲಿ ಹುಡುಗ ಅದರ ತಂತಿ ಮೀಟುತ್ತಿದ್ದುದನ್ನು ಅವರು ಬಾಗಿಲಲ್ಲೇ ನಿಂತು ನೋಡಿದರು. ಬಯ್ಯುವ ಬದಲು ಭಾನುವಾರ ಮನೆಗೆ ಬಾ ಎಂದರು. ಅವರ ಮನೆಯ ರೆಕಾರ್ಡುಗಳು ಸವೆಯುವ ತನಕ ಭಾನುವಾರಗಳು ನಡೆದವು. ಮುಂದೆ ಅವರೇ ಪುಣೆಯ ಹೋಟೆಲೊಂದಕ್ಕೆ ಸೇರಿಸಿದರು.

ಪುಣೆಯಲ್ಲಿ ಮೊದಲ ಸಲ ಫಂಕ್ ಬ್ಯಾಂಡಿನೊಂದಿಗೆ ಕೂತಾಗ ಡ್ರಮ್ಸ್ ಬಾರಿಸುವವನು ಕೈ ನಿಲ್ಲಿಸಿ, ಈ ಬಲಗೈ ಎಲ್ಲಿ ಕಲಿತೆ ಎಂದು ಕೇಳಿದನಂತೆ. "ನನಗ ಹೇಳಾಕ ಬರಲಿಲ್ರಿ," ಎನ್ನುತ್ತಾರೆ ಸಂಗ್ರಾಮ. "ಎಲ್ಲಿಂದ ಬಂದದ್ದು ಅಂತ ಗೊತ್ತಿತ್ತು. ಹೇಳಾಕ ನಾಲಗಿ ಏಳಲಿಲ್ಲ."

ಅವರ ತಂದೆ ದುರಗಪ್ಪ ಊರ ಹಲಗಿ, ಅಂದರೆ ಚರ್ಮದ ತಮಟೆ, ಬಾರಿಸುತ್ತಿದ್ದವರು. ಮದುವೆಗೆ, ಸಾವಿಗೆ, ಡಂಗುರಕ್ಕೆ ಅವರೇ ಬೇಕು. ಆದರೆ ಹಂದರದ ಒಳಗೆ ಬರುವಂತಿಲ್ಲ, ಎಲ್ಲರ ಊಟ ಮುಗಿದ ಮೇಲೆ ಹೊರಗೆ ಅವರ ಎಲೆ. ಊರಿನ ಕಬ್ಬಿನ ಜಮೀನಿನ ದೊಡ್ಡ ಮನೆಯೊಂದರ ಮದುವೆಯಲ್ಲಿ ಆರು ವರ್ಷದ ಮಗನೂ ಜೊತೆಗಿದ್ದ. ಹಸಿವೆಂದು ಅತ್ತ. ಕಾಯಬೇಕು ಎಂದರು ಮನೆಯವರು. ಮಗುವನ್ನು ಎತ್ತಿಕೊಂಡು ಉಣ್ಣದೆ ಮನೆಗೆ ಬಂದ ದುರಗಪ್ಪ ಮರುದಿನ ಕೃಷ್ಣೆಯ ದಂಡೆಗೆ ಹೋಗಿ ಹಲಗಿಯನ್ನು ನೀರಿಗೆ ಎಸೆದರು. ಕೇರಿಯ ಹಲವರು ಆಗಲೇ ಬುದ್ಧನ ದಾರಿ ಹಿಡಿದು ಈ ಚಾಕರಿ ಬಿಟ್ಟಿದ್ದರು, ಅವತ್ತು ಇವರೂ ಬಿಟ್ಟರು.

"ಅದು ಮುಳುಗವಲ್ದ್ರಿ," ಎಂದು ಸಂಗ್ರಾಮ ನೆನೆಯುತ್ತಾರೆ. "ಕಟಗಿ ಬಳಿ, ಮ್ಯಾಲ ಚರ್ಮ. ತೇಲಕೋತ ದಂಡಿಗಿ ಬಂತು. ಅಪ್ಪ ಎದಿಮಟ ನೀರಾಗ ಇಳದ, ಕಲ್ಲ ಕಟ್ಟಿ ಬಿಟ್ಟ. ಮ್ಯಾಲ ಬಂದ ನನ್ನ ಕೈ ಹಿಡಕೊಂಡ."

ಹೋಟೆಲುಗಳಲ್ಲಿ ಬ್ಯಾಂಡಿನ ಬದಲು ಸ್ಪೀಕರು ಬಂದ ಮೇಲೆ ಸಂಗ್ರಾಮ ಊರಿಗೆ ಮರಳಿದರು. ಅಂಗಳದಲ್ಲಿ ಕೂತಿದ್ದ ತಂದೆ ಮಗನ ಹೆಗಲ ಮೇಲಿನ ಚೀಲ ನೋಡಿ ಹೇಳಿದ ಮಾತು ಇವರಿಗೆ ಇಂದಿಗೂ ಬಾಯಿಪಾಠ. "ನಾ ಹೆಗಲಿಂದ ಇಳಿಸಿ ಹೊಳಿಗಿ ಹಾಕಿದ್ನ, ನೀ ಮತ್ತ ಹಾಕ್ಕೊಂಡ ಬಂದಿಯಲ್ಲೋ."

"ಇದ ಬ್ಯಾರೆ ಅಪ್ಪಾ."

"ಮಂದಿ ಮದವ್ಯಾಗ ಬಾರಸ್ತಿ, ಹೌದಿಲ್ಲೋ?"

ಅಲ್ಲಿಂದ ಸುಮಾರು ಇಪ್ಪತ್ತು ವರ್ಷ ಅಪ್ಪ ಮಗ ಒಂದೇ ಮನೆಯಲ್ಲಿ ಉಂಡರು, ಒಂದೇ ಮನೆಯಲ್ಲಿ ಮಲಗಿದರು. ಗಿಟಾರು ಚೀಲದಿಂದ ಹೊರಬಂದರೆ ದುರಗಪ್ಪ ಟಾವೆಲ್ಲು ಹೆಗಲಿಗೆ ಹಾಕಿಕೊಂಡು ಬುದ್ಧ ವಿಹಾರದ ಕಟ್ಟೆಗೆ ಹೋಗಿಬಿಡುತ್ತಿದ್ದರು. ನಡುವೆ ಡಿಜೆ ಬಂತು, ತಾಳದ ಕೀಬೋರ್ಡು ಬಂತು, ಗಿಟಾರಿಗೆ ಕರೆ ತಗ್ಗಿತು. ಮೂರು ಹಂಗಾಮು ಸಂಗ್ರಾಮ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಟ್ರಾಕ್ಟರುಗಳ ಸಾಲು ಕಾಯ್ದರು. ಅಂಗನವಾಡಿಯಲ್ಲಿ ಕೆಲಸ ಮಾಡುವ ಹೆಂಡತಿ ಸಪನಾ ಮನೆ ಸಾಗಿಸಿದರು. "ಗಿಟಾರ ಮಾರೋಣು ಅಂತ ಒಮ್ಮೆ ಅಂದಿದ್ರು," ಎನ್ನುತ್ತಾರೆ ಸಪನಾ. "ಮಾರಿ ಮನ್ಯಾಗ ಸುಮ್ನ ಕುಂತ್ರ ನಿಮ್ಮನ್ನ ಯಾರ ನೋಡಬೇಕು ಅಂದೆ. ಮುಂದ ಆ ಮಾತ ತಗೀಲಿಲ್ಲ."

ಎರಡು ವರ್ಷದ ಹಿಂದೆ ಅದೇ ದೊಡ್ಡ ಮನೆಯ ಯಜಮಾನ ಮುರಗೆಪ್ಪ ಇವರ ಮನೆಗೆ ಬಂದರು. ಅವರ ಮಗಳು ದಾನೇಶ್ವರಿ ಚಿಕ್ಕೋಡಿಯ ಕಾಲೇಜಿನ ಕಾರ್ಯಕ್ರಮದಲ್ಲಿ ಸಂಗ್ರಾಮರನ್ನು ಕೇಳಿದ್ದಳು. ತನ್ನ ಮದುವೆಗೆ ಡಿಜೆ ಬೇಡ, ಈ ಗಿಟಾರೇ ಬೇಕೆಂದು ಹಟ ಹಿಡಿದಿದ್ದಳು. ಒಳಗೆ ಹೊರಸಿನ ಮೇಲಿದ್ದ ದುರಗಪ್ಪ ಎಲ್ಲವನ್ನೂ ಕೇಳಿ ಎದ್ದು ಕೂತರು.

"ಎಲ್ಲಿ ಕುಂಡ್ರಸ್ತೀರಿ ಅವನ್ನ? ಹಂದರದ ಒಳಗೋ, ಹೊರಗೋ?"

ಮುರಗೆಪ್ಪ ತಲೆ ತಗ್ಗಿಸಿದರು. "ನಮ್ಮ ಅಕ್ಕನ ಮದವ್ಯಾಗ ನಾ ಸಣ್ಣಾಂವ ಇದ್ದೆ ಕಾಕಾ. ಎಲ್ಲಾ ನೆನಪೈತಿ. ಅಂವ ಸ್ಟೇಜಿನ ಮ್ಯಾಲ ಕುಂಡ್ರತಾನ. ನೀವೂ ಬರಬೇಕು. ಗಾಡಿ ಕಳಸ್ತೇನಿ."

ಆ ಮನೆಯವರ ಬಾಯಲ್ಲಿ ಅವತ್ತಿನವರೆಗೆ ಅವರು ದುರಗ್ಯಾ, ಕಾಕಾ ಎಂದದ್ದು ಅದೇ ಮೊದಲು. ಮುದುಕ ಹೂಂ ಅನ್ನಲಿಲ್ಲ, ಒಲ್ಲೆ ಎನ್ನಲೂ ಇಲ್ಲ. ಮದುವೆಯ ದಿನ ಗಾಡಿ ಬಂದು ಕಾದು ಖಾಲಿ ಮರಳಿತು. ಸಂಗ್ರಾಮ ಒಬ್ಬರೇ ಹೋಗಿ ಸ್ಟೇಜಿನ ಮೇಲೆ ತಂತಿ ಸರಿಪಡಿಸಿಕೊಳ್ಳುತ್ತಿದ್ದಾಗ, ಉರಿಬಿಸಿಲಲ್ಲಿ ಬಿಳಿ ಅಂಗಿ, ಇಸ್ತ್ರಿ ಮಾಡಿದ ಧೋತರ ಉಟ್ಟು, ಕೋಲೂರಿಕೊಂಡು ನಡೆದೇ ಬಂದ ತಂದೆ ಹಂದರದ ಒಳಗೆ ಕಾಲಿಟ್ಟರು. ಮುಂದಿನ ಸಾಲಿನ ಕುರ್ಚಿಯೊಂದನ್ನು ತಾವೇ ಎಳೆದುಕೊಂಡು ಕೂತರು.

"ಅವತ್ತ ನನಗ ಜಾಝ್ ಬಾರ್ಸಾಕ ಆಗಲಿಲ್ರಿ," ಎನ್ನುತ್ತಾರೆ ಸಂಗ್ರಾಮ. "ಸೀದಾ ಫಂಕ್ ಸುರು ಮಾಡಿದೆ. ಅಪ್ಪನ ಮಾರಿ ನೋಡಲಿಲ್ಲ. ಅವನ ತೊಡಿ ಮ್ಯಾಲಿನ ಕೈಬೆರಳ ನೋಡಾಕತ್ತಿದ್ದೆ. ಮೊದಲ ಸುಮ್ನ ಇದ್ದುವು. ಆಮ್ಯಾಲ ತಾಳಕ್ಕ ಏಳಾಕತ್ತುವು."

ಊಟವನ್ನೂ ಪಂಕ್ತಿಯಲ್ಲಿ ಕೂತೇ ಮಾಡಿ ಮನೆಗೆ ಬಂದ ಮೇಲೆ ದುರಗಪ್ಪ ಮೊದಲ ಬಾರಿಗೆ ಮಗನ ನುಡಿಸಾಣಿಕೆಯ ಬಗ್ಗೆ ಬಾಯಿ ಬಿಟ್ಟರು. ತಾಳದ ತಿರುವಿನಲ್ಲಿ ಒಂದು ಏಟು ಬಿಟ್ಟುಬಿಡುತ್ತಿ ಎಂದರು. ಯಾವುದೆಂದು ಮಗ ಕೇಳಿದಾಗ ಕೈ ಎತ್ತಲಿಲ್ಲ, ಬಾಯಲ್ಲೇ ಹೇಳಿದರು: ಜಗ್ಗನಕ ನಕ, ಜಗ್ಗನಕ. ಸಂಗ್ರಾಮ ಗಿಟಾರು ಎತ್ತಿಕೊಂಡರು. ಆ ಸಂಜೆ ದುರಗಪ್ಪ ವಿಹಾರದ ಕಟ್ಟೆಗೆ ಹೋಗಲಿಲ್ಲ.

ಈಗ ಎಂಬತ್ತು ದಾಟಿದ ದುರಗಪ್ಪನವರಿಗೆ ಕಣ್ಣು ಮಂಜು, ನೆನಪು ಚುರುಕು. ಬಿಟ್ಟ ವಿದ್ಯೆಯನ್ನು ಮತ್ತೆ ಹಿಡಿದಿರಲ್ಲ ಎಂದು ನಾನು ಕೆಣಕಿದರೆ ಅವರ ಮುಖ ಗಂಭೀರವಾಗುತ್ತದೆ. "ಕೈಲೆ ಬಾರಸಾಂಗಿಲ್ಲ ಅಂತ ಆಣಿ ಮಾಡೇನ್ರಿ. ಬಾಯಲೆ ಅಂತ ಮಾಡಿಲ್ಲ." ಪಕ್ಕದಲ್ಲಿ ಕೂತ ಮಗ ನಗು ತಡೆಯಲಾರದೆ ಗೋಡೆಯ ಕಡೆ ತಿರುಗುತ್ತಾರೆ.

ತಂದೆ ಹೇಳಿದ ಹಲಗಿಯ ಏಟುಗಳನ್ನು ಸಂಗ್ರಾಮ ಈಗ ತಮ್ಮ ಫಂಕಿಗೆ ಸೇರಿಸಿಕೊಂಡಿದ್ದಾರೆ. ಕಳೆದ ಭೀಮ ಜಯಂತಿಗೆ ರಾಯಬಾಗದಲ್ಲಿ ಅದನ್ನು ನುಡಿಸಿದಾಗ ಕೂತ ಜನ ಎದ್ದು ಕುಣಿದರು. ಹೆಸರು ಕೇಳಿಕೊಂಡು ಬಂದವರು ಇಬ್ಬರೋ ಮೂವರೋ.

ಹೊರಡುವ ಮುನ್ನ, ಇನ್ನೇನಾದರೂ ಆಸೆ ಉಂಟೇ ಎಂದು ಸಂಗ್ರಾಮರನ್ನು ಕೇಳುತ್ತೇನೆ. ಗಿಟಾರಿನ ಚೀಲದ ಜಿಪ್ಪು ಕೈಕೊಟ್ಟಿದೆ. ಅದಕ್ಕೆ ಸುತಳಿ ಸುತ್ತಿ ಗಂಟು ಹಾಕುತ್ತಾರೆ.

"ಊರಿಗಿ ಬಂದಾಗಿಂದ ನಾ ಒಬ್ಬನ ಬಾರಸಾಕತ್ತೇನ್ರಿ ಈ ಕಡೆ. ಇಂಥಾ ಗಿಟಾರ ಮತ್ತೊಬ್ಬರು ಬಾರಸೂದು ಕೇಳೇ ಇಲ್ಲ. ಯಾರರೆ ಒಬ್ಬರು ತಯಾರಾಗಲಿ. ಗಂಡಸರಾಗಲಿ, ಹೆಣ್ಮಕ್ಕಳಾಗಲಿ. ಒಂದಿನ ನಾನೂ ಕೆಳಗ ಚಾಪಿ ಮ್ಯಾಲ ಕುಂತ, ಕೈ ಕಟ್ಟಕೊಂಡ, ಬರೇ ಕೇಳಬೇಕು."