ಮಷೀನು ಕೆಟ್ಟಿದೆ ಎಂದರು

ಹೋದ ವರ್ಷ ಕಬ್ಬು ಕಡಿಯುವ ಹೊತ್ತಿಗೆ ನನ್ನ ಎದೆಯೊಳಗೆ ಅದು ಶುರುವಾಯಿತು, ಮಕ್ಕಳೇ. ಹಗ್ಗ ಕಿತ್ತ ಕರುವಿನಂತೆ ಎದೆ ಎತ್ತೆತ್ತಲೋ ಜಿಗಿಯುತ್ತಿತ್ತು. ಕೊಡ ಎತ್ತಿದರೆ ಕಣ್ಣು ಕತ್ತಲೆ.

ನನ್ನ ಮಗನಿಗೆ, ಅದೇ ನಿಮ್ಮಪ್ಪನಿಗೆ, ಹೇಳಿದೆ. ಊರಿನ ದವಾಖಾನೆಗೆ ಕರೆದೊಯ್ದ. ಸಿಸ್ಟರ್ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು. ಪಟ್ಟಿ ಉಬ್ಬಿತು, ಇಳಿಯಿತು, ಅಂಕಿ ಬರಲಿಲ್ಲ. ಮತ್ತೆ ಸುತ್ತಿದಳು. ಮತ್ತೆ ಅದೇ.

"ಸೆಲ್ ಹೋಗ್ಯಾವ್ರಿ ಅಣ್ಣಾರ."

ನಿಮ್ಮಪ್ಪ ಅಂಗಡಿಗೆ ಓಡಿ ಹೊಸ ಸೆಲ್ ತಂದ. ಆಗಲೂ ಅಂಕಿ ಇಲ್ಲ.

"ಮಷೀನ್ ಕೆಟ್ಟೈತ್ರಿ. ಆಯಿ ಗಟ್ಟಿ ಅದಾರ, ಕರ್ಕೊಂಡ್ ಹೋಗ್ರಿ."

ಕೆಟ್ಟದ್ದು ನನ್ನ ಎದೆಯಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ.

ಎದೆ ಮಾತ್ರ ಸುಮ್ಮನಾಗಲಿಲ್ಲ. ವಾರದ ಮೇಲೆ ರಾಯಬಾಗಕ್ಕೆ ಹೋದೆವು. ಅಲ್ಲಿನ ಡಾಕ್ಟರು ನನ್ನ ಮುಖ ನೋಡದೆ ನಿಮ್ಮಪ್ಪನನ್ನೇ ಕೇಳಿದರು: "ಊಟ ಮಾಡ್ತಾರೇನ್ರಿ? ನಿದ್ದಿ ಹೆಂಗೈತಿ?" ನಾನೇನು ಹೊಲದಿಂದ ತಂದ ಎಮ್ಮೆಯೇ? "ವಯಸ್ಸಾತಲ್ರಿ, ಚಿಂತಿ ಮಾಡ್ತಾರ. ಗ್ಯಾಸಿನ ಗುಳಿಗಿ ಬರದೀನಿ."

ನಿಮ್ಮಪ್ಪ ನಕ್ಕ. "ನಮ್ಮವ್ವ ಬಾಯಿನ ಬಿಡೂದಿಲ್ರಿ. ಒಳಗ ಏನ್ ಚಿಂತಿ ಐತ್ಯೋ!"

ಮೈ ಉರಿಯಿತು. ನಿಮ್ಮಜ್ಜನಿಗೂ ಎದೆ ಹೀಗೇ ಜಿಗಿಯುತ್ತಿತ್ತು. ಅವರಿಗೂ ವಯಸ್ಸು ಎಂದರು, ಗ್ಯಾಸು ಎಂದರು. ಒಂದು ಮುಂಜಾನೆ ಚಹಾದ ಬಸಿ ಕೈಯಿಂದ ಜಾರಿತು, ಬಾಯಿ ವಾರೆಯಾಯಿತು. ಮಿರಜದ ದೊಡ್ಡ ದವಾಖಾನೆಗೆ ಒಯ್ದಾಗ ಅಲ್ಲಿನ ಡಾಕ್ಟರು ಹೇಳಿದರು: ತಾಳ ತಪ್ಪಿದ ಎದೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿದೆ, ಮೊದಲೇ ಗೊತ್ತಾಗಿದ್ದರೆ ಗುಳಿಗೆಯಿಂದ ತಡೆಯಬಹುದಿತ್ತು. ಮೊದಲೇ! ನಿಮ್ಮಜ್ಜ ಎಷ್ಟು ಸಲ ಹೇಳಿರಲಿಲ್ಲ! ನಮ್ಮ ಓಣಿಯಲ್ಲಿ ಕಟ್ಟೆಗೆ ಕೂತ ಮುದುಕ ಮುದುಕಿಯರೆಲ್ಲ ಎದೆ ಢವಢವ ಅನ್ನುತ್ತದೆ ಎನ್ನುತ್ತಾರೆ, ಮನೆಮಂದಿ ಸೋಡಾ ಕುಡಿಸಿ ಮಲಗಿಸುತ್ತಾರೆ.

ಪರಗಂಡಸಿನ ಎದುರು ಸೆರಗು ಸರಿಸದವಳು ನಾನು. ಆ ದಿನ ಡಾಕ್ಟರ ಟೇಬಲ್ಲಿನ ಮೇಲೆ ಕೈ ಚಾಚಿ ಇಟ್ಟೆ.

"ನಾಡಿ ಹಿಡದ್ ನೋಡ್ರಿ. ಜಡ್ಡು ನನಗ ಆಗೈತಿ, ನನ್ನ ಮಗಗ ಅಲ್ಲ. ನನ್ನ ಕೇಳ್ರಿ!"

ನನ್ನ ದನಿ ಹೊರಗೆ ಕೂತವರಿಗೂ ಕೇಳಿಸಿತು. ಡಾಕ್ಟರು ಮಣಿಕಟ್ಟು ಹಿಡಿದರು. ಬಿಡಲಿಲ್ಲ. ಹಿಡಿದೇ ಇದ್ದರು. ಆಮೇಲೆ ನನ್ನತ್ತ ತಿರುಗಿದರು.

"ಯಾವಾಗಿಂದ ಹಿಂಗ ಆಗಾಕತ್ತೈತ್ರಿ, ಆಯಿ?"

ಹೇಳಿದೆ. ಇಸಿಜಿ ತೆಗೆಸಿದರು, ಎದೆಯ ತಾಳ ತಪ್ಪಿದೆ, ಅದಕ್ಕೇ ಮಷೀನಿಗೆ ಅಂಕಿ ಸಿಕ್ಕಿಲ್ಲ ಎಂದರು, ಅಂದೇ ಮಿರಜಕ್ಕೆ ಚೀಟಿ ಬರೆದರು. ಈಗ ರಕ್ತ ಹೆಪ್ಪುಗಟ್ಟದಂತೆ ದಿನವೂ ಗುಳಿಗೆ ನುಂಗುತ್ತೇನೆ.

ಮಿರಜದ ಬಸ್ಸಿನಲ್ಲಿ ನಿಮ್ಮಪ್ಪ ಕೇಳಿದ: "ಇಷ್ಟ ಜೋರಾಗಿ ಮೊದ್ಲ ಹೇಳಬಾರ್ದೇನ ಬೇ ಯವ್ವಾ?"

ಆಗ ನಾನು ಬಾಯಿ ತೆರೆದಿದ್ದರೆ ಆ ಕೂಗಿಗೆ ಡ್ರೈವರನೇ ಬಸ್ಸು ನಿಲ್ಲಿಸುತ್ತಿದ್ದ.