ಮಹಾಶ್ವೇತಾ ತನ್ನ ರೈಫಲ್ ಮಾರಿದ್ದು

ಸಿಡ್ನಿಯ ಕೆಲ್ಲಿವಿಲ್‌ ಬಡಾವಣೆಯ ಕನ್ನಡದವರಿಗೆಲ್ಲ ಮಹಾಶ್ವೇತಾ ಎಂದರೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ, ಜೋಳದ ರೊಟ್ಟಿಯನ್ನು ಹಪ್ಪಳದಷ್ಟು ತೆಳ್ಳಗೆ ಬಡಿಯುವ ಧಾರವಾಡದ ಹೆಂಗಸು ಎಂದಷ್ಟೇ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಉದ್ದನೆಯ ಕರಿಯ ಪೆಟ್ಟಿಗೆಯೊಂದನ್ನು ಕಾರಿನಲ್ಲಿಟ್ಟುಕೊಂಡು ಆಕೆ ಎಲ್ಲಿಗೆ ಹೋಗುತ್ತಾಳೆ ಎನ್ನುವುದು ತಿಳಿದವರು ಮೂರೋ ನಾಲ್ಕೋ ಜನ. “ಸಿತಾರ್ ಕಲಿಯಾಕ ಹೊಕ್ಕಾಳ್ರೀ” ಎಂದು ಗಂಡ ವೀರೇಂದ್ರ ಒಮ್ಮೆ ತಮಾಷೆಗೆ ಅಂದದ್ದನ್ನು ಯಾರೋ ನಂಬಿ, ಯುಗಾದಿ ಕಾರ್ಯಕ್ರಮದಲ್ಲಿ ನುಡಿಸಿ ಎಂದು ಕರೆದದ್ದೂ ಉಂಟು.

ಪೆಟ್ಟಿಗೆಯಲ್ಲಿದ್ದದ್ದು ರೈಫಲ್. ಗುರಿ ಹೊಡೆಯುವ ಆಟಕ್ಕೆಂದೇ ಮಾಡಿದ, ಒಂದು ಸಲಕ್ಕೆ ಒಂದೇ ಸಣ್ಣ ಗುಂಡು ತುಂಬುವ ಜರ್ಮನ್ ರೈಫಲ್. ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ, ಬೆಳಗಾವಿಯ ಫೈರಿಂಗ್ ರೇಂಜಿನ ಮಣ್ಣಿನ ಮೇಲೆ ಬೋರಲು ಮಲಗಿ ಉಸಿರು ಬಿಗಿಹಿಡಿದು ಬಂದೂಕಿನ ಕುದುರೆ ಎಳೆದಾಗ ಅವಳಿಗೆ ಹತ್ತೊಂಬತ್ತು ವರ್ಷ. ಮದುವೆ, ಮಗಳು, ಆಸ್ಟ್ರೇಲಿಯಾದಲ್ಲಿ ನೆಲೆಸಲು ಪಿಆರ್, ಮನೆಯ ಮಾರ್ಟ್‌ಗೇಜ್ ಎಂದು ದಿನಗಳು ಉರುಳಿ ಅದು ಮರೆತೇ ಹೋಗಿತ್ತು. 2002ರಲ್ಲಿ ಲ್ಯಾಬಿನ ಗೆಳತಿಯೊಬ್ಬಳು ತನ್ನ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದಳು. ಮೊದಲ ದಿನವೇ ಹತ್ತರಲ್ಲಿ ಏಳು ಗುಂಡು ನಡುವಿನ ಕಪ್ಪು ವೃತ್ತದೊಳಗೆ ಬಿದ್ದವು. ಲೈಸೆನ್ಸು ಮಾಡಿಸಿದಳು, ಗೋಡೆಗೆ ಬೋಲ್ಟ್ ಹೊಡೆದ ಕಬ್ಬಿಣದ ಸೇಫ್ ಹಾಕಿಸಿದಳು, ಕ್ಲಬ್ಬಿನ ಹಿರಿಯ ರಾನ್ ಎಂಬಾತನಿಂದ ಒಂಬೈನೂರು ಡಾಲರಿಗೆ ಈ ರೈಫಲ್ ಕೊಂಡಳು.

ಆರು ವರ್ಷ ಅದು ಅವಳ ಜೊತೆಗಿತ್ತು. 2008ರ ಚಳಿಗಾಲದಲ್ಲಿ ಎಡಭುಜ ಬಿಗಿಯಿತು. ಜಡೆ ಹೆಣೆಯಲು ಕೈ ಮೇಲೇಳುತ್ತಿರಲಿಲ್ಲ. ಭುಜ ಸರಿಹೋಗುತ್ತದೆ, ಆದರೆ ರೈಫಲಿನ ಪಟ್ಟಿ ತೋಳಿಗೆ ಬಿಗಿದುಕೊಂಡು ಮೊಣಕೈ ಊರಿ ಮಲಗುವುದು ಇನ್ನು ಬೇಡ ಎಂದರು ಡಾಕ್ಟರು. ಮಹಾಶ್ವೇತಾ ಎರಡು ತಿಂಗಳು ಯೋಚಿಸಿ, ಮಾರಿಬಿಡುವುದೇ ಸರಿ ಎಂದುಕೊಂಡಳು.

ಬಂದೂಕು ಮಾರುವವರ ಜಾಹೀರಾತಿಗೆಂದೇ ಒಂದು ವೆಬ್‌ಸೈಟ್ ಇತ್ತು. ಫೋಟೋ ಹಾಕಿ, ವಿವರ ಬರೆದು, 2005ರಲ್ಲಿ ಕ್ಲಬ್ಬಿನ ಮಹಿಳಾ ಚಾಂಪಿಯನ್ ಆದದ್ದು ಇದೇ ರೈಫಲಿನಿಂದ ಎಂದು ಸೇರಿಸಿ, ಬೆಲೆ ಎರಡು ಸಾವಿರದ ನಾನೂರು ಎಂದು ಹಾಕಿದಳು.

ವೀರೇಂದ್ರ ಹಿಂದೆ ನಿಂತು ಓದಿದ. “ಒಂಬೈನೂರಕ್ಕ ತಂದಿದ್ದಿ. ಉಳಿದ ಹದಿನೈದು ನೂರು ಯಾತರದ್ದು?”

“ಛಲೋ ಮಾಲ್ ಐತ್ರಿ. ಹೊಸಾದು ತಗೋಬೇಕಂದ್ರ ನಾಕು ಸಾವಿರ ಆಕ್ಕೈತಿ.”

ಮೂರು ವಾರ ಒಂದು ಫೋನೂ ಬರಲಿಲ್ಲ. ಬಂದ ಒಂದೇ ಒಂದು ಇಮೇಲಿನಲ್ಲಿ ಯಾರೋ, ಚಾಂಪಿಯನ್‌ಶಿಪ್ಪಿನ ಕಪ್ಪನ್ನೂ ಜೊತೆಗೆ ಕೊಡುತ್ತೀರಾ ಎಂದು ಕೇಳಿದ್ದ. ಮಹಾಶ್ವೇತಾಳಿಗೆ ಮುಖಕ್ಕೆ ಹೊಡೆದಂತಾಯಿತು. ಸಿಟ್ಟಿನಲ್ಲಿ ಅವತ್ತೇ ಬೆಲೆಯನ್ನು ಎಂಟುನೂರಕ್ಕೆ ಇಳಿಸಿದಳು. ಮರುದಿನ ಊಟದ ಹೊತ್ತಿಗೆ ಹನ್ನೊಂದು ಜನ ಬರೆದಿದ್ದರು. ಇಷ್ಟು ಅಗ್ಗ ಅಂದರೆ ಏನು ಕೆಟ್ಟಿದೆ ಎಂದು ಇಬ್ಬರು ಕೇಳಿದ್ದರು. ಬಂದೂಕು ಡೀಲರ ಮೂಲಕವೇ ಕೈ ಬದಲಾಗಬೇಕೆಂಬ ಕಾನೂನಿದ್ದರೂ ಒಬ್ಬನಂತೂ, ಡೀಲರೂ ಬೇಡ, ಕಾಗದಪತ್ರವೂ ಬೇಡ, ಪೆಟ್ರೋಲ್ ಬಂಕಿನ ಪಾರ್ಕಿಂಗಿಗೆ ತಂದುಕೊಡಿ, ಒಂಬೈನೂರು ನಗದು ಕೊಡುತ್ತೇನೆ ಎಂದು ಬರೆದಿದ್ದ. ಆ ಇಮೇಲನ್ನು ಪ್ರಿಂಟ್ ಮಾಡಿ ಪೊಲೀಸ್ ಸ್ಟೇಷನ್ನಿಗೆ ಕೊಟ್ಟು ಬಂದು, ಜಾಹೀರಾತನ್ನೇ ತೆಗೆದುಹಾಕಿದಳು.

ಭಾನುವಾರ ಕ್ಲಬ್ಬಿನಲ್ಲಿ ಕೀತ್‌ಗೆ ಇದನ್ನೆಲ್ಲ ಹೇಳಿದಳು. ಕೀತ್ ಎಪ್ಪತ್ತು ದಾಟಿದ ಮುದುಕ, ತೀರಿಹೋದ ರಾನ್‌ನ ಜೀವದ ಗೆಳೆಯ. ಚಹಾ ಕುಡಿಯುತ್ತ ಪೂರ್ತಿ ಕೇಳಿಸಿಕೊಂಡು ಅವನು ಅಂದ, “ಮೊದಲು ನಿನ್ನ ನೆನಪಿಗೆ ಬೆಲೆ ಕಟ್ಟಿದೆ. ಆಮೇಲೆ ನಿನ್ನ ಸಿಟ್ಟಿಗೆ ಕಟ್ಟಿದೆ. ರೈಫಲಿಗೆ ಇನ್ನೂ ಕಟ್ಟಿಲ್ಲ.” ಜಾಹೀರಾತಿನಲ್ಲಿ ಜನ ಕೇಳುವ ಬೆಲೆ ನೋಡಬೇಡ, ಕೊನೆಗೆ ಎಷ್ಟಕ್ಕೆ ಹೋಯಿತು ಅದನ್ನು ತಿಳಿದುಕೋ ಎಂದ.

ಅದು ಅವಳಿಗೆ ಹಿಡಿಸಿತು. ಇದೇ ಮಾದರಿಯ ರೈಫಲ್ ಮಾರಿದ್ದ ಐದು ಜನರಿಗೆ, ನಿಮಗೆ ಕೊನೆಗೆ ಸಿಕ್ಕಿದ್ದೆಷ್ಟು ಎಂದು ವಿನಯದಿಂದ ಬರೆದಳು. ಮೂವರು ಉತ್ತರಿಸಿದರು. ಒಂದು ಸಾವಿರದ ಇನ್ನೂರು, ಒಂದು ಸಾವಿರದ ಐನೂರು. ಮೂರನೆಯದು ಸಾವಿರವೂ ದಾಟಿರಲಿಲ್ಲ, ಅದರ ನಳಿಗೆಯೊಳಗೆ ತುಕ್ಕು ಹತ್ತಿತ್ತಂತೆ. ಮಹಾಶ್ವೇತಾ ರೈಫಲನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲ ಸಲ ಕೊಳ್ಳುವವರ ಕಣ್ಣಿನಿಂದ ನೋಡಿದಳು. ಮರದ ಹಿಡಿಯ ಮೇಲೆ ಗೀರು, ಕೆನ್ನೆ ಊರುವಲ್ಲಿ ಮಾಸಿದ ಬಣ್ಣ. ಗೀರಿಗೂ ಒಂದು ಫೋಟೋ ತೆಗೆದಳು. ಚಾಂಪಿಯನ್ ಸಾಲನ್ನು ಅಳಿಸಿದಳು. ಗುಂಡು ಹಾರಿದಷ್ಟೂ ನಳಿಗೆ ಸವೆಯುತ್ತದೆಂದು ಕೊಳ್ಳುವವರು ಗುಂಡಿನ ಲೆಕ್ಕ ಕೇಳುತ್ತಾರೆ. ತಾನು ಹೊಡೆದದ್ದು ಆರು ಸಾವಿರ ಗುಂಡು, ರಾನ್ ಎರಡು ಸಾವಿರ ಎಂದಿದ್ದ, ಒಟ್ಟು ಸುಮಾರು ಎಂಟು ಸಾವಿರ ಎಂದು ಬರೆದಳು. ಬೆಲೆ ಸಾವಿರದ ಮುನ್ನೂರ ಐವತ್ತು.

ಮೂರನೆಯ ದಿನ ಮೆಲ್ಬರ್ನಿನಿಂದ ಫೋನ್ ಬಂತು. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಹುಡುಗನ ಪ್ರಶ್ನೆಗಳು ಚುರುಕಾಗಿದ್ದವು. ನಡುವೆ ಒಲೆಯ ಮೇಲಿನ ಸಾರು ಉಕ್ಕಿತು. “ರೀ, ಅದನ್ನೊಂದಿಷ್ಟು ಆರಸ್ರಿ” ಎಂದು ಅವಳು ವೀರೇಂದ್ರನಿಗೆ ಕೂಗಿದಳು. ಅತ್ತಲಿಂದ ಕನ್ನಡ ಕೇಳಿಸಿತು.

“ಮೇಡಂ, ನೀವು ಕನ್ನಡದೋರಾ?”

ಅವನ ಹೆಸರು ಯತೀಶ್. ತುಮಕೂರಿನವನು, ಓದಲು ಬಂದು ಹೋದ ವರ್ಷವಷ್ಟೇ ಪಿಆರ್ ಸಿಕ್ಕಿತ್ತು. ಮೆಲ್ಬರ್ನಿನ ಟ್ರುಗನಿನಾ ಬಡಾವಣೆಯ ವೇರ್‌ಹೌಸ್ ಒಂದರಲ್ಲಿ ಸರಕು ಕಳಿಸುವ ಡಿಸ್‌ಪ್ಯಾಚ್ ಕೆಲಸ ನೋಡಿಕೊಳ್ಳುತ್ತಿದ್ದ. ಇದು ಅವನ ಮೊದಲ ರೈಫಲ್. ಅರ್ಧ ಗಂಟೆ ಮಾತಾದ ಮೇಲೆ ಅವನು, “ಚೌಕಾಸಿ ಮಾಡಲ್ಲ ಮೇಡಂ. ನಿಮ್ಮ ಮಾತೇ ಸಾಕು, ಇವತ್ತೇ ಟ್ರಾನ್ಸ್‌ಫರ್ ಮಾಡ್ತೀನಿ” ಎಂದ.

ಸಿಡ್ನಿಯ ಡೀಲರ್ ಮೆಲ್ಬರ್ನಿನ ಡೀಲರಿಗೆ ರೈಫಲ್ ಕಳಿಸಿದ. ಯತೀಶನಿಗೆ ರೈಫಲ್ ಕೊಳ್ಳುವ ಪರ್ಮಿಟ್ ಬಂತು, ರೈಫಲ್ ಅವನ ಕೈ ಸೇರಿತು. “ಸಿಕ್ತು, ಥ್ಯಾಂಕ್ಸ್” ಎಂದು ಚಿಕ್ಕದೊಂದು ಮೆಸೇಜ್ ಬಂತು. ಅಷ್ಟು ಮಾತುಗಾರ ಹುಡುಗ ಇಷ್ಟೇ ಬರೆದನಲ್ಲ ಎಂದು ಅವಳಿಗೆ ಅನಿಸಿತು. ಕೆಲಸದ ಗಡಿಬಿಡಿಯಿರಬೇಕು ಎಂದುಕೊಂಡಳು.

ಎರಡು ವಾರದ ಮೇಲೆ ಕೀತ್ ಮನೆಗೆ ಬಂದ. ಕ್ಲಬ್ಬಿನ ಹಳೆಯ ಕಪಾಟು ಖಾಲಿ ಮಾಡುವಾಗ ರಾನ್‌ನ ನೋಟ್‌ಬುಕ್ ಸಿಕ್ಕಿತ್ತಂತೆ. ರೈಫಲ್ ನಿನ್ನದಾಗಿತ್ತಲ್ಲ, ಇದೂ ನಿನ್ನ ಹತ್ತಿರವೇ ಇರಲಿ ಎಂದು ಕೊಟ್ಟುಹೋದ. ಮಹಾಶ್ವೇತಾ ಪ್ರೀತಿಯಿಂದಲೇ ಪುಟ ತಿರುವಿದಳು. ರಾನ್ ಪ್ರತಿ ಭಾನುವಾರ ಹೊಡೆದ ಗುಂಡಿನ ಲೆಕ್ಕ ಬರೆದಿಟ್ಟಿದ್ದ, ವರ್ಷದ ಕೊನೆಗೆ ಒಟ್ಟು. 1988ರಿಂದ ಹದಿನಾಲ್ಕು ವರ್ಷ. ಹೆಚ್ಚುಕಡಿಮೆ ಪ್ರತಿ ವರ್ಷವೂ ಎರಡು ಸಾವಿರ.

ಅವಳು ವರ್ಷವರ್ಷದ ಒಟ್ಟನ್ನು ಕೂಡಿಸಿದಳು, ಇಪ್ಪತ್ತೆಂಟು ಸಾವಿರ. ಎರಡು ಸಾವಿರ ಎಂದು ರಾನ್ ಹೇಳಿದ್ದು ವರ್ಷಕ್ಕೆ. ಅವಳು ಒಟ್ಟು ಎಂದು ತಿಳಿದಿದ್ದಳು. ಎಂಟು ಸಾವಿರವಲ್ಲ, ಮೂವತ್ತನಾಲ್ಕು ಸಾವಿರ ಗುಂಡು ಹಾರಿದ ರೈಫಲನ್ನು, ನಿಮ್ಮ ಮಾತೇ ಸಾಕು ಎಂದ ಹುಡುಗನಿಗೆ ಮಾರಿದ್ದಳು.

“ಬೇಕಂತ ಮಾಡಿಲ್ಲಲ್ಲ ನೀ” ಎಂದ ವೀರೇಂದ್ರ.

“ಅಂವಗೇನ್ ಗೊತ್ತಾಕ್ಕೈತ್ರಿ ಅದು?”

ಎರಡು ದಿನ ಅವಳಿಗೆ ಊಟ ರುಚಿಸಲಿಲ್ಲ. ಲ್ಯಾಬಿನಲ್ಲಿ ಒಂದೇ ಸ್ಯಾಂಪಲಿಗೆ ಎರಡು ಸಲ ಲೇಬಲ್ ಅಂಟಿಸಿದಳು. ಶನಿವಾರ ಮಧ್ಯಾಹ್ನ ನೋಟ್‌ಬುಕ್ ಎದುರಿಗಿಟ್ಟುಕೊಂಡು ಫೋನ್ ಮಾಡಿದಳು. ಏನೂ ಮುಚ್ಚಿಡದೆ, ನಿಲ್ಲದೆ, ಎಲ್ಲ ಹೇಳಿದಳು. “ತಪ್ಪು ನಂದಽ ಐತಿ ಯತೀಶ್. ನಿಮಗ ಬ್ಯಾಡಾದ್ರ ರೈಫಲ್ ವಾಪಸ್ ಕಳಸ್ರಿ, ಡೀಲರ್ ಖರ್ಚು ನಾ ಕೊಡ್ತೀನಿ. ಪೂರಾ ರೊಕ್ಕ ತಿರುಗಿ ಹಾಕ್ತೀನಿ.”



“ಮೇಡಂ, ನನಗೆ ಗೊತ್ತಿತ್ತು” ಎಂದ ಯತೀಶ್. “ಇಲ್ಲಿ ಡೀಲರ್ ಟಾರ್ಚ್ ಬಿಟ್ಟು ಒಳಗೆ ನೋಡಿ, ಇದು ಎಂಟು ಸಾವಿರದ ಗನ್ ಅಲ್ಲ, ಇಪ್ಪತ್ತೈದಾದ್ರೂ ದಾಟಿರತ್ತೆ ಅಂದ್ರು.”

“ಮತ್ತ ಯಾಕ ಹೇಳ್ಲಿಲ್ಲ?”

“ಹೆಂಗೆ ಹೇಳೋದು? ನಮ್ಮೋರು, ಅಷ್ಟು ಚೆನ್ನಾಗಿ ಮಾತಾಡಿದ್ರು, ಸುಳ್ಳು ಹೇಳಿಬಿಟ್ರಲ್ಲಾ ಅಂತ ಎರಡು ವಾರ ಅದೇ ಕೊರೀತಿತ್ತು. ದುಡ್ಡಿನ ವಿಷಯ ಅಲ್ಲ. ಈಗ ಎದೆ ಮೇಲಿನ ಕಲ್ಲು ಇಳಿದಂಗಾಯ್ತು.”

ಮಹಾಶ್ವೇತಾಳ ಕಣ್ಣು ತುಂಬಿ ಬಂತು. ನಗುವೂ ಬಂತು. ಸಿಡ್ನಿಯಲ್ಲಿ ಅವಳು ಎರಡು ದಿನ, ಮೆಲ್ಬರ್ನಿನಲ್ಲಿ ಅವನು ಎರಡು ವಾರ ಇದೇ ಒಂದು ಮಾತಿಗೆ ಒದ್ದಾಡಿದ್ದರು.

ಉಳಿದದ್ದನ್ನು ಅವನೇ ಹೇಳಿದ. ಇಷ್ಟು ಸಣ್ಣ ಗುಂಡಿಗೆ ನಳಿಗೆ ಬೇಗ ಸವೆಯುವುದಿಲ್ಲವಂತೆ, ರಾನ್ ಮತ್ತು ಅವಳು ಇಬ್ಬರೂ ಒರೆಸಿ ಇಟ್ಟದ್ದರಿಂದ ಒಳಗೆಲ್ಲ ಕನ್ನಡಿಯಂತಿದೆಯಂತೆ. ಹಾಗಿದ್ದೂ ಗುಂಡಿನ ನಿಜವಾದ ಲೆಕ್ಕಕ್ಕೆ ಬೆಲೆ ಎಷ್ಟು ಎಂದು ಡೀಲರನ್ನು ಕೇಳಿದ್ದರೆ ಸಾವಿರದ ಇನ್ನೂರ ಐವತ್ತು ಎನ್ನುತ್ತಿದ್ದನಂತೆ.

“ಹಂಗಾರ ನೂರು ಡಾಲರ್ ನಿಮಗ ಬರಬೇಕು” ಎಂದಳು ಮಹಾಶ್ವೇತಾ.

“ಬೇಡ ಮೇಡಂ, ಬಿಡಿ.”

“ಬ್ಯಾಡ ಅನಬ್ಯಾಡ್ರಿ. ನೀವು ತಗೊಂಡ್ರಽ ನನಗ ಹಗುರ ಆಗೋದು.”

“ಆಯ್ತು, ಕಳಿಸಿ. ಇನ್ನೊಂದು ಕೇಳ್ಲಾ? ಹೊಡೆದಿದ್ದೆಲ್ಲ ಎಡಗಡೆಗೆ ಹೋಗ್ತಾ ಇದೆ.”

“ಉಸಿರು ಪೂರಾ ಬಿಟ್ಟು ಹೊಡೀತೀರೇನು?”

“ಹೌದು.”

“ಅರ್ಧ ಬಿಡ್ರಿ, ಅರ್ಧ ಒಳಗ ಇಟ್ಕೋರಿ. ಮೊಣಕೈ ರೈಫಲಿನ ಕೆಳಗಽ ಬರಬೇಕು, ಬಾಜೂಕ ಹೋಗಬಾರದು.”

ಮಾತು ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ವೀರೇಂದ್ರ ಹೊರಗೆ ಹುಲ್ಲು ಕತ್ತರಿಸುತ್ತಿದ್ದವನು ಮಶೀನು ನಿಲ್ಲಿಸಿ ಕಿಟಕಿಯಿಂದ ಇಣುಕಿ, ಏನಾಯಿತು ಎಂದು ಕಣ್ಣಿನಲ್ಲೇ ಕೇಳಿದ. ಅವಳು ಮೊದಲು ಹಿಂದಿನ ರಾತ್ರಿಯ ರೊಟ್ಟಿ, ಶೇಂಗಾ ಚಟ್ನಿ ತಟ್ಟೆಗೆ ಹಾಕಿಕೊಂಡು, ಎರಡು ತುತ್ತು ತಿಂದು, ಆಮೇಲೆ ಹೇಳಲು ಶುರುಮಾಡಿದಳು.

ಮುಂದಿನ ವರ್ಷ ಕ್ಲಬ್ಬಿನಲ್ಲಿ ಯಾರಾದರೂ ಹಳೆಯ ರೈಫಲ್ ಮಾರುವುದಿದ್ದರೆ, ಬೆಲೆ ಎಷ್ಟಿಡಲಿ ಎಂದು ಮಹಾಶ್ವೇತಾಳನ್ನು ಕೇಳುವುದು ರೂಢಿಯಾಯಿತು. ಅವಳು ಮೊದಲು ಕೈಗೊಂದು ಪೆನ್ನು ಕೊಟ್ಟು, ಅದರಲ್ಲಿ ಏನೇನು ಸರಿಯಿಲ್ಲ ಎಂದು ಬರೆಯಲು ಹೇಳುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ ಎನ್ನುತ್ತಿದ್ದಳು. ಅಷ್ಟು ಬರೆದು ಮುಗಿಸಿದವರಿಗೆ ಬೆಲೆ ಸಾಮಾನ್ಯವಾಗಿ ತಾನಾಗಿಯೇ ಹೊಳೆಯುತ್ತಿತ್ತು.